ಮೊದಲು ಜಮೀನು, ಆಮೇಲೆ ನಿಷೇಧ

ಮದರಾಸು ಶಾಸನ ಪರಿಷತ್ತಿನ ಮೊದಲ ಮಹಿಳೆ ಡಾ. ಮುತ್ತುಲಕ್ಷ್ಮಿ ರೆಡ್ಡಿ, ಅವರಿಗೆ ಎದುರು ನಿಂತ ಬೆಂಗಳೂರು ನಾಗರತ್ನಮ್ಮ, ಕನ್ನಡನಾಡಿಗೂ ತಟ್ಟಿದ ಒಂದು ಕಾಯ್ದೆಯ ಕಥೆ

1926ರಲ್ಲಿ ಮದರಾಸು ಪ್ರಾಂತ್ಯದ ಶಾಸನ ಪರಿಷತ್ತಿಗೆ ಚುನಾವಣೆ ನಡೆದಾಗ ಮಂಗಳೂರಿನವರಿಗೆ ಮಾತಾಡಿಕೊಳ್ಳಲು ಒಳ್ಳೆಯ ವಿಷಯ ಸಿಕ್ಕಿತ್ತು. ಅದೇ ಊರಿನ ಹೆಣ್ಣುಮಗಳು, ಇಪ್ಪತ್ತಮೂರರ ಹರೆಯದ ಕಮಲಾದೇವಿ ಚಟ್ಟೋಪಾಧ್ಯಾಯ, ಕಣಕ್ಕಿಳಿದಿದ್ದರು. ಹೆಂಗಸರು ಶಾಸನ ಸಭೆಯಲ್ಲಿ ಕೂರಬಹುದು ಎಂಬ ನಿಯಮ ಬಂದದ್ದೇ ಆ ವರ್ಷ. ಪ್ರಚಾರಕ್ಕೆ ಉಳಿದಿದ್ದು ಕೆಲವೇ ವಾರ. ಹಿಂದೆ ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥೆಯಾಗಿದ್ದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಬೆನ್ನಿಗೆ ನಿಂತರು. ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ ಮತ ಇದ್ದ ಕಾಲ ಅದು. ಹಾಗಾಗಿ ಮತದಾರರಲ್ಲಿ ಹೆಂಗಸರು ಬೆರಳೆಣಿಕೆ. ಅಷ್ಟಿದ್ದೂ ಕಮಲಾದೇವಿ ಸೋತದ್ದು ಕೂದಲೆಳೆಯಲ್ಲಿ.

ಚುನಾವಣೆಯಲ್ಲಿ ಬಾಗಿಲು ತೆರೆಯಲಿಲ್ಲ. ಕಸಿನ್ಸ್, ಆನಿ ಬೆಸೆಂಟ್, ಡೊರೊಥಿ ಜಿನರಾಜದಾಸ ಸೇರಿ 1917ರಲ್ಲಿ ಅಡ್ಯಾರಿನಲ್ಲಿ ಕಟ್ಟಿದ್ದ ಭಾರತೀಯ ಮಹಿಳಾ ಸಂಘ ಸುಮ್ಮನೆ ಕೂರಲಿಲ್ಲ. ಗೆದ್ದು ಬರಲಾಗದಿದ್ದರೆ ಸರ್ಕಾರವೇ ಒಬ್ಬ ಮಹಿಳೆಯನ್ನು ನಾಮಕರಣ ಮಾಡಲಿ ಎಂದು ಒತ್ತಾಯ ಹೇರಿತು. ಆಗ ಮುಂದೆ ಬಂದ ಹೆಸರು ಮುತ್ತುಲಕ್ಷ್ಮಿ ರೆಡ್ಡಿ. ವಯಸ್ಸು ನಲವತ್ತು, ವೃತ್ತಿಯಿಂದ ವೈದ್ಯೆ, ಲಂಡನ್ನಿನಲ್ಲಿ ಹೆಚ್ಚಿನ ತರಬೇತಿ ಮುಗಿಸಿ ಮರಳಿದವರು. ಅವರಿಗೆ ಆಸ್ಪತ್ರೆ ಮುಖ್ಯವಾಗಿತ್ತು, ರಾಜಕೀಯ ಬೇಕಿರಲಿಲ್ಲ. ಹಿಂದೇಟು ಹಾಕಿಯೇ ಒಪ್ಪಿದರು. ಪರಿಷತ್ತಿಗೆ ಬಂದ ಸ್ವಲ್ಪದರಲ್ಲೇ, 1927ರಲ್ಲಿ, ಸದಸ್ಯರೆಲ್ಲ ಒಮ್ಮತದಿಂದ ಅವರನ್ನು ಉಪಾಧ್ಯಕ್ಷೆಯಾಗಿ ಆರಿಸಿದರು. ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಲ್ಲಿ ಅದಕ್ಕೆ ಮುಂಚೆಯೇ ಮಹಿಳೆಯರನ್ನು ನಾಮಕರಣ ಮಾಡಿದ್ದುಂಟು. ಬ್ರಿಟಿಷ್ ಇಂಡಿಯಾದ ಮಟ್ಟಿಗೆ ಇವರೇ ಮೊದಲಿಗರು.

ಅವರು ಆ ಸಭೆಯಲ್ಲಿದ್ದದ್ದು ಬರೀ ಮೂರೂವರೆ ವರ್ಷ. ಇಂದಿನ ಶಾಸಕರ ಒಂದು ಅವಧಿಗಿಂತಲೂ ಕಡಿಮೆ. ನಾಮಕರಣವಾದವರು ಕೈಕಟ್ಟಿ ಕೂತು, ಹಾಜರಿ ಹಾಕಿ, ಭತ್ಯೆ ಪಡೆದು ಹೋಗುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಇವರ ಮೂರೂವರೆ ವರ್ಷದ ಲೆಕ್ಕ ಬೇರೆ.

ಪುದುಕೋಟೆಯ ಹುಡುಗಿ

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರ ಜುಲೈ 30ರಂದು, ತಮಿಳುನಾಡಿನ ಪುದುಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್, ಊರಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಬ್ರಾಹ್ಮಣ ಪ್ರಾಂಶುಪಾಲ ಈ ಸಂಬಂಧ ಬೆಳೆಸಿದ್ದಕ್ಕೆ ಅವರ ಬಂಧುಬಳಗ ದೂರವಾಯಿತು. ಮಕ್ಕಳು ಬೆಳೆದದ್ದು ತಾಯಿಯ ಕಡೆಯವರ ನಡುವೆ. ತಮಿಳು ಚಿತ್ರನಟ ಜೆಮಿನಿ ಗಣೇಶನ್ ಇದೇ ನಾರಾಯಣಸ್ವಾಮಿ ಅಯ್ಯರ್ ಅವರ ಮೊಮ್ಮಗ. ಬಾಲ್ಯದ ಕೆಲವು ದಿನಗಳನ್ನು ಈ ಸೋದರತ್ತೆಯ ಆಸರೆಯಲ್ಲೇ ಕಳೆದವರು.

ಮೆಟ್ರಿಕ್ ಮುಗಿಸಿದ ಹುಡುಗಿ ಕಾಲೇಜು ಸೇರಲು ಅರ್ಜಿ ಹಾಕಿದಾಗ ಊರೇ ಎದ್ದಿತು. ಹುಡುಗರ ಕಾಲೇಜಿಗೆ ಹೆಣ್ಣು ಬರುವುದು ಒಂದು ಆಕ್ಷೇಪ. ಅವಳು ಯಾರ ಹೊಟ್ಟೆಯಲ್ಲಿ ಹುಟ್ಟಿದವಳು ಎಂಬುದು ಎರಡನೆಯದು. ಅದನ್ನು ಹೇಳಲು ಯಾರೂ ಸಂಕೋಚಪಡಲಿಲ್ಲ. ಹುಡುಗರು ಕೆಟ್ಟುಹೋಗುತ್ತಾರಂತೆ! ಕೊನೆಗೆ ರಾಜ ಮಾರ್ತಾಂಡ ಭೈರವ ತೊಂಡೈಮಾನ್ ನಡುವೆ ಬಂದು ಪ್ರವೇಶ ಕೊಡಿಸಿದರು, ವಿದ್ಯಾರ್ಥಿವೇತನವನ್ನೂ ಕೊಟ್ಟರು. ಮುಂದೆ ಮದರಾಸು ವೈದ್ಯಕೀಯ ಕಾಲೇಜಿಗೆ ಸೇರಿ 1912ರಲ್ಲಿ ಪದಕಗಳೊಂದಿಗೆ ಹೊರಬಂದರು. ಎಗ್ಮೋರಿನ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆದ ಮೊದಲ ಮಹಿಳೆ ಅವರೇ.

ಮದುವೆ ಬೇಡವೆಂದೇ ಇದ್ದವರು 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾದರು, ಒಂದು ಷರತ್ತಿನ ಮೇಲೆ: ತನ್ನನ್ನು ಸಮಾನಳೆಂದು ಕಾಣಬೇಕು, ತನ್ನ ಇಚ್ಛೆಗೆ ಅಡ್ಡ ಬರಬಾರದು. ಮದುವೆ ನಡೆದದ್ದು 1872ರ ವಿವಾಹ ಕಾಯ್ದೆಯ ಪ್ರಕಾರ. ಜಾತಿಯ ಗೋಡೆ ದಾಟಿ ಮದುವೆಯಾಗುವವರಿಗೆ ಆಗ ಇದ್ದ ದಾರಿ ಅದೊಂದೇ ಎನ್ನಬಹುದು.

ಈ ಹಿನ್ನೆಲೆಯನ್ನು ಇಷ್ಟು ಹೇಳಲು ಕಾರಣವಿದೆ. ದೇವದಾಸಿ ಪದ್ಧತಿಯ ವಿರುದ್ಧ ಮಾತಾಡಿದ ಸುಧಾರಕರು ಆ ಕಾಲದಲ್ಲಿ ಹಲವರಿದ್ದರು. ಅವರಲ್ಲಿ ಹೆಚ್ಚಿನವರಿಗೆ ಅದು ಇನ್ನೊಬ್ಬರ ಮನೆಯ ವಿಷಯ. ಮುತ್ತುಲಕ್ಷ್ಮಿಯವರಿಗೆ ಅದು ತಾಯಿಯ ಮನೆಯ ವಿಷಯ. ಅವರ ಮಾತಿಗೆ ಬಂದ ತೂಕ ಅಲ್ಲಿಂದಲೇ ಬಂತು. ಮುಂದೆ ಅವರ ಮಾತಿನಲ್ಲಿ ಕಾಣಿಸಿದ ಕಾಠಿಣ್ಯವೂ ಅಲ್ಲಿಂದಲೇ ಬಂತು ಎಂದು ನನ್ನ ಅನಿಸಿಕೆ.

ಉಂಬಳಿಯ ಗಂಟು

ಪರಿಷತ್ತಿನಲ್ಲಿ ಅವರು ಎತ್ತಿದ ವಿಷಯಗಳು ಹಲವು. ಶಾಲಾ ಮಕ್ಕಳ ಆರೋಗ್ಯ ತಪಾಸಣೆ, ಮಕ್ಕಳಿಗೆ ಪ್ರತ್ಯೇಕ ಆಸ್ಪತ್ರೆ, ಹೆಣ್ಣುಮಕ್ಕಳ ಮದುವೆಯ ವಯಸ್ಸು ಏರಿಸುವುದು, ವೇಶ್ಯಾಗೃಹಗಳನ್ನು ಮುಚ್ಚಿಸುವುದು. ಇವನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ. ನಿಂತು ನೋಡಬೇಕಾದದ್ದು ದೇವದಾಸಿ ಪ್ರಶ್ನೆಯನ್ನು ಅವರು ಹಿಡಿದ ಬಗೆಯನ್ನು.

ಅಪ್ರಾಪ್ತ ಹುಡುಗಿಯನ್ನು ಅನೈತಿಕ ಕೆಲಸಕ್ಕೆ ಒಪ್ಪಿಸುವುದು ದಂಡ ಸಂಹಿತೆಯ 372 ಮತ್ತು 373ನೇ ಕಲಂಗಳ ಪ್ರಕಾರ ಆಗಲೇ ಅಪರಾಧ. ಆದರೆ ದೇವರ ಮುಂದೆ ಹುಡುಗಿಗೆ ತಾಳಿ ಕಟ್ಟಿದ್ದು ಯಾವ ಉದ್ದೇಶಕ್ಕೆ ಎಂದು ಕೋರ್ಟಿನಲ್ಲಿ ರುಜುವಾತು ಮಾಡುವವರು ಯಾರು? ತಮಿಳಿನಲ್ಲಿ ಪೊಟ್ಟುಕಟ್ಟುವುದು, ನಮ್ಮ ಕಡೆ ಗೆಜ್ಜೆಪೂಜೆ, ಉತ್ತರ ಕರ್ನಾಟಕದಲ್ಲಿ ಮುತ್ತು ಕಟ್ಟುವುದು. ಹೆಸರು ಯಾವುದಾದರೂ, ಅದು ದೇವರ ಸೇವೆ ಎಂದುಬಿಟ್ಟರೆ ಪೊಲೀಸರಾಗಲಿ ಮ್ಯಾಜಿಸ್ಟ್ರೇಟರಾಗಲಿ ಕೈಹಾಕುತ್ತಿರಲಿಲ್ಲ.

1927ರ ನವೆಂಬರಿನಲ್ಲಿ ಮುತ್ತುಲಕ್ಷ್ಮಿ ಪರಿಷತ್ತಿನ ಮುಂದೆ ಒಂದು ನಿರ್ಣಯ ತಂದರು: ದೇವಸ್ಥಾನಗಳಿಗೆ ಹೆಣ್ಣುಮಕ್ಕಳನ್ನು ಅರ್ಪಿಸುವುದನ್ನು ಸರ್ಕಾರ ನಿಲ್ಲಿಸಬೇಕು. ನಿರ್ಣಯ ಪಾಸಾಯಿತು. ನಿರ್ಣಯಕ್ಕೆ ಕಾನೂನಿನ ಬಲವಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ನೇರ ನಿಷೇಧದ ಮಸೂದೆಗೆ ಹಾರುತ್ತಿದ್ದರು. ಇವರು ಮೊದಲು ಹಿಡಿದದ್ದು ಜಮೀನಿನ ಕಡತವನ್ನು.

ದೇವಸ್ಥಾನದಲ್ಲಿ ಕುಣಿಯುವ, ಹಾಡುವ, ಆರತಿ ಎತ್ತುವ ಸೇವೆಗೆ ಪ್ರತಿಯಾಗಿ ಹಲವು ದೇವದಾಸಿ ಮನೆತನಗಳಿಗೆ ಇನಾಂ ಜಮೀನು ಇತ್ತು. ಸೇವೆ ನಡೆದಷ್ಟು ದಿನ ಮಾತ್ರ ಅನುಭೋಗ. ಸೇವೆ ನಿಂತಿತೋ, ಜಮೀನು ಹೋಯಿತು. ಅಂದರೆ ಪ್ರತಿ ತಲೆಮಾರಿನಲ್ಲೂ ಒಬ್ಬ ಮಗಳನ್ನು, ಮಗಳಿಲ್ಲದಿದ್ದರೆ ದತ್ತು ತಂದ ಹುಡುಗಿಯನ್ನು, ದೇವರಿಗೆ ಒಪ್ಪಿಸಲೇಬೇಕು. ಭಕ್ತಿ, ಸಂಪ್ರದಾಯ ಎಲ್ಲ ಇದ್ದರೂ ಮನೆಯ ಅನ್ನದ ಪ್ರಶ್ನೆ ಆ ಹುಡುಗಿಯ ಕೊರಳಿಗೇ ಕಟ್ಟಿಕೊಂಡಿತ್ತು. ಹೀಗಿರುವಾಗ ಬರೀ ನಿಷೇಧ ತಂದರೆ ಆಗುವುದು ಎರಡೇ: ಮನೆಮಂದಿ ಬೀದಿಗೆ ಬರುತ್ತಾರೆ, ಇಲ್ಲವೇ ಗುಟ್ಟಾಗಿ ತಾಳಿ ಕಟ್ಟಿಸುತ್ತಾರೆ.

1929ರ ಫೆಬ್ರವರಿಯಲ್ಲಿ ಪರಿಷತ್ತು ಒಪ್ಪಿದ ಅವರ ಮಸೂದೆ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಗೆ ತಂದ ತಿದ್ದುಪಡಿ. ನೋಡಲು ಒಣ ಕಾನೂನಿನ ಭಾಷೆ. ಅದು ಮಾಡಿದ್ದು ಇಷ್ಟು: ಇನಾಂ ಜಮೀನಿಗೆ ಅಂಟಿದ್ದ ಸೇವೆಯ ಷರತ್ತನ್ನು ಕಿತ್ತುಹಾಕಿತು, ಜಮೀನನ್ನು ಆ ಹೆಂಗಸಿನ ಕೈಯಲ್ಲೇ ಬಿಟ್ಟಿತು, ಬದಲಿಗೆ ಆಕೆ ಒಂದಿಷ್ಟು ಕಂದಾಯ ಕಟ್ಟಿದರಾಯಿತು. ಮಗಳನ್ನು ಒಪ್ಪಿಸದೆಯೂ ಹೊಲ ಉಳಿಯಿತು. ನಮ್ಮಲ್ಲಿ ಮೂರು ದಶಕದ ನಂತರ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೋಟಿ, ತಳವಾರರ ಚಾಕರಿಯನ್ನು ರದ್ದು ಮಾಡಿ ಆ ಉಂಬಳಿ ಜಮೀನನ್ನು ಅವರಿಗೇ ಮರುಮಂಜೂರು ಮಾಡಲು ಹೊರಟದ್ದು ಇದೇ ತರ್ಕದ ಮೇಲೆ. ಬಿಟ್ಟಿ ಚಾಕರಿಯನ್ನು ನಿಲ್ಲಿಸಬೇಕೆಂದರೆ ಚಾಕರಿಗೂ ಜಮೀನಿಗೂ ಇರುವ ಗಂಟನ್ನು ಮೊದಲು ಬಿಚ್ಚಬೇಕು.

ಈ ಕಾಯ್ದೆಯನ್ನು ತಮಿಳುನಾಡಿನದ್ದು ಎಂದು ಬದಿಗಿಡುವಂತಿಲ್ಲ. ಇಂದಿನ ಬಳ್ಳಾರಿ, ದಕ್ಷಿಣ ಕನ್ನಡ, ಉಡುಪಿ, ಜೊತೆಗೆ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ, ಎಲ್ಲವೂ ಮದರಾಸು ಪ್ರಾಂತ್ಯದಲ್ಲಿದ್ದವು. ಆ ಸಭೆ ಮಾಡಿದ ಕಾನೂನು ಇಲ್ಲಿಗೂ ಕಾನೂನೇ. ಇನ್ನೊಂದು ನೆಂಟಸ್ತಿಕೆಯೂ ಇದೆ. ಮುತ್ತುಲಕ್ಷ್ಮಿ ಸಭೆಯಲ್ಲಿದ್ದಾಗ ಪ್ರಾಂತ್ಯದ ಮುಖ್ಯಮಂತ್ರಿ ಪಿ. ಸುಬ್ಬರಾಯನ್. ಅವರ ಪತ್ನಿ ರಾಧಾಬಾಯಿ, ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಊರವರ ಕಲ್ಲು, ಬೈಗುಳ ಸಹಿಸಿದ ಕುದ್ಮುಲ್ ರಂಗರಾಯರ ಮಗಳು.

ಎದುರು ಬದಿಯ ಕನ್ನಡತಿ

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಸಲೀಸು. ಒಬ್ಬ ಧೀರ ಸುಧಾರಕಿ, ಎದುರಿಗೆ ಸಂಪ್ರದಾಯವಾದಿ ಗಂಡಸರು. ಎಸ್. ಸತ್ಯಮೂರ್ತಿಯವರಂಥ ಕಾಂಗ್ರೆಸ್ ನಾಯಕರು ವಿರೋಧಿಸಿದ್ದು ನಿಜ. ಗಾಂಧಿ ಬೆಂಬಲಿಸಿದ್ದೂ, ಪೆರಿಯಾರರ ಸ್ವಾಭಿಮಾನ ಚಳವಳಿ ಜೊತೆಗೆ ನಿಂತದ್ದೂ ನಿಜ. ಆದರೆ ವಿರೋಧಿಗಳ ಸಾಲಿನಲ್ಲಿ ದೇವದಾಸಿಯರೇ ಇದ್ದರು. ಅವರ ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರು ನಾಗರತ್ನಮ್ಮ.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ಮೈಸೂರು, ಬೆಂಗಳೂರುಗಳಲ್ಲಿ ಸಂಗೀತ, ಸಾಹಿತ್ಯ ಕಲಿತು ಮದರಾಸಿನಲ್ಲಿ ನೆಲೆ ಕಂಡ ಗಾಯಕಿ. ಕನ್ನಡ, ತೆಲುಗು, ಸಂಸ್ಕೃತ ಬಲ್ಲ ವಿದುಷಿ. ಹದಿನೆಂಟನೇ ಶತಮಾನದ ತೆಲುಗು ಕವಯಿತ್ರಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು 1910ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಹೆಣ್ಣೊಬ್ಬಳು ಶೃಂಗಾರವನ್ನು ಅಷ್ಟು ಬಿಚ್ಚಿ ಬರೆದದ್ದು ಅಶ್ಲೀಲವೆಂದು ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ತಿರುವೈಯಾರಿನಲ್ಲಿ ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು ಈಕೆಯೇ. ಅದಕ್ಕೆ ಸುರಿದದ್ದು ತನ್ನದೇ ಗಳಿಕೆ. ಹೆಂಗಸರನ್ನು ಹಾಡಲು ಬಿಡದ ಅದೇ ಜಾಗದ ಆರಾಧನೆಯಲ್ಲಿ ಹೆಂಗಸರು ಹಾಡುವಂತೆ ಮಾಡಿದ್ದೂ ಈಕೆಯೇ.

ನಂಜನಗೂಡಿನವರಿಗೆ ಈ ಜಗಳ ಹೊಸದಲ್ಲ. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ರದ್ದು ಮಾಡಿತ್ತು. ಮದರಾಸಿಗಿಂತ ಎಷ್ಟೋ ಮುಂಚೆ. ನಂಜನಗೂಡು ಶ್ರೀಕಂಠೇಶ್ವರ ದೇವಸ್ಥಾನದ ದೇವದಾಸಿಯರು ಮಹಾರಾಜರಿಗೆ ಮನವಿ ಸಲ್ಲಿಸಿದರೂ ಆದೇಶ ಬದಲಾಗಲಿಲ್ಲ. ಮೈಸೂರು ಪ್ರಗತಿಪರ ಸಂಸ್ಥಾನವೆಂದು ಹೊಗಳುವಾಗ ನಾವು ಈ ಮನವಿಯನ್ನು ನೆನೆಯುವುದಿಲ್ಲ.

1927ರ ಕೊನೆಯಲ್ಲಿ ಮದರಾಸು ಪ್ರಾಂತ್ಯದ ದೇವದಾಸಿಯರು ಸಂಘ ಕಟ್ಟಿ, ಸಭೆ ಸೇರಿ, ಸರ್ಕಾರದ ಕಾನೂನು ಸದಸ್ಯ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರಿಗೆ ಮನವಿಪತ್ರ ಕೊಟ್ಟರು. ಅವರ ವಾದವನ್ನು ಇಂದು ಓದಿದರೂ ತಳ್ಳಿಹಾಕುವುದು ಸುಲಭವಲ್ಲ. ನಮ್ಮನ್ನೂ ಮೈಮಾರಿ ಬದುಕುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಸಂಗೀತ, ನಾಟ್ಯಗಳನ್ನು ಉಳಿಸಿಕೊಂಡು ಬಂದವರು ನಾವು. ನಮ್ಮಲ್ಲಿ ಹೆಣ್ಣಿಗೆ ಆಸ್ತಿಯ ಹಕ್ಕಿದೆ, ದತ್ತು ತೆಗೆದುಕೊಳ್ಳುವ ಹಕ್ಕಿದೆ. ನಮ್ಮಲ್ಲಿ ಕೆಟ್ಟದ್ದು ಸೇರಿಕೊಂಡಿದ್ದರೆ ಓದಿಸಿ, ಕಾನೂನಿನಿಂದ ಅಳಿಸಬೇಡಿ. ನಮ್ಮ ಬಗ್ಗೆ ಕಾನೂನು ಮಾಡುವ ಮೊದಲು ನಮ್ಮನ್ನು ಕೇಳಿ, ಎನ್ನುವುದು ಅದರ ಸಾರ.

ಮುತ್ತುಲಕ್ಷ್ಮಿ ಕೇಳಲಿಲ್ಲ. ಈ ಹೆಂಗಸರನ್ನು ಅವರನ್ನು ಇಟ್ಟುಕೊಂಡವರೇ ಎತ್ತಿಕಟ್ಟಿದ್ದಾರೆ ಎಂದರು; ಬಳಸಿದ ಮಾತೂ ಬಹಳ ಕಟುವಾಗಿತ್ತು. ವೈದ್ಯೆಯಾಗಿ ಗುಹ್ಯರೋಗಗಳಿಂದ ನರಳುವ ಹುಡುಗಿಯರನ್ನು ಅವರು ಕಣ್ಣಾರೆ ಕಂಡಿದ್ದರು. ಹತ್ತು ಹನ್ನೆರಡರ ಹುಡುಗಿಗೆ ತಾಳಿ ಕಟ್ಟುವಾಗ ಅವಳನ್ನು ಯಾರು ಕೇಳಿದ್ದರು ಎಂಬ ಪ್ರಶ್ನೆ ಅವರ ಕೈಯಲ್ಲಿತ್ತು. ಅದಕ್ಕೆ ನಾಗರತ್ನಮ್ಮನವರ ಮನವಿಪತ್ರದಲ್ಲಿ ಉತ್ತರವಿರಲಿಲ್ಲ. ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ ಎಂದರೆ ನಾನು ಆ ಹುಡುಗಿಯ ಕಡೆ, ಅಂದರೆ ಮುತ್ತುಲಕ್ಷ್ಮಿಯವರ ಕಡೆ. ಆದರೂ ಎದುರಿಗಿದ್ದವರನ್ನು ಮಾತಿಗೂ ಕರೆಯದೆ ಕಾನೂನು ಮಾಡಿದ್ದು ಅವರ ಬದುಕಿನ ದೊಡ್ಡ ಕೊರತೆ. ತಾಯಿಯ ಮನೆತನದ ಹೆಂಗಸರ ಅರ್ಜಿಗೇ ಕಿವಿಗೊಡದ ಮಗಳು ಅವರು.

ಮುಂದೆ ನಡೆದದ್ದು ನಾಗರತ್ನಮ್ಮನವರ ಭಯವನ್ನು ಅರ್ಧ ನಿಜ ಮಾಡಿತು. 1932ರಲ್ಲಿ ಸಮಾರಂಭಗಳ ನೃತ್ಯದ ಬಗ್ಗೆ ಮುತ್ತುಲಕ್ಷ್ಮಿಯವರಿಗೂ ವಕೀಲ ಇ. ಕೃಷ್ಣ ಅಯ್ಯರ್ ಅವರಿಗೂ ಮದರಾಸಿನ ಪತ್ರಿಕೆಗಳಲ್ಲಿ ಕಾವೇರಿದ ವಾದ ನಡೆಯಿತು. ಕಲೆಯನ್ನು ಉಳಿಸೋಣ ಎಂದರು ಅಯ್ಯರ್. ಕಲೆ ಉಳಿಯಿತು, ಭರತನಾಟ್ಯವೆಂಬ ಹೆಸರಿನಲ್ಲಿ ಮನೆ ಮನೆಯ ಹೆಣ್ಣುಮಕ್ಕಳು ಕಲಿಯುವಂತಾಯಿತು. ಅದನ್ನು ಕಾಪಿಟ್ಟ ಮನೆತನಗಳಲ್ಲಿ ಬಾಲಸರಸ್ವತಿಯಂಥ ಕೆಲವರು ಮಾತ್ರ ವೇದಿಕೆಯ ಮೇಲೆ ಉಳಿದರು. ಮಿಕ್ಕವರು ಕುಲದ ಗುರುತನ್ನೇ ಮುಚ್ಚಿಟ್ಟು ಬದುಕಿದರು. ಹೆಣ್ಣುಮಕ್ಕಳ ಕೈಯಲ್ಲಿದ್ದ ಆಸ್ತಿ ಕ್ರಮೇಣ ಆ ಸಮುದಾಯದ ಗಂಡಸರ ಕೈಸೇರಿತು ಎಂದು ಇದನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ.

ರಾಜೀನಾಮೆಯ ಆಚೆ

1930ರಲ್ಲಿ ಮುತ್ತುಲಕ್ಷ್ಮಿ ಎರಡನೆಯ ಮಸೂದೆ ತಂದರು. ಈ ಬಾರಿ ನೇರ ನಿಷೇಧ. ಅದು ಚರ್ಚೆಯಲ್ಲಿರುವಾಗಲೇ ಉಪ್ಪಿನ ಸತ್ಯಾಗ್ರಹ ಶುರುವಾಯಿತು, ಮೇ ತಿಂಗಳಲ್ಲಿ ಗಾಂಧಿಯ ಬಂಧನವಾಯಿತು. ಸರ್ಕಾರ ಕೊಟ್ಟ ಸ್ಥಾನದಲ್ಲಿ ಇನ್ನು ಕೂರಲಾರೆ ಎಂದು ಮುತ್ತುಲಕ್ಷ್ಮಿ ರಾಜೀನಾಮೆ ಕೊಟ್ಟರು. ಅವರ ಜೊತೆ ಮಸೂದೆಯೂ ಹೊರಬಿತ್ತು. ಮದರಾಸು ದೇವದಾಸಿ ನಿಷೇಧ ಕಾಯ್ದೆ ಕೊನೆಗೆ ಬಂದದ್ದು 1947ರಲ್ಲಿ, ಹದಿನೇಳು ವರ್ಷದ ನಂತರ. ಕುರ್ಚಿ ಬಿಟ್ಟದ್ದು ಸರಿಯೇ ಎಂದು ಕೇಳಬಹುದು. ಉಳಿದಿದ್ದರೆ ಮಸೂದೆ ಬೇಗ ಪಾಸಾಗುತ್ತಿತ್ತೇನೋ. ಜೈಲಿನಲ್ಲಿದ್ದ ಗಾಂಧಿಯನ್ನು ಮರೆತು ಅವರು ಅಲ್ಲಿ ಕೂತಿದ್ದರೆ ಆ ಮಸೂದೆಗೆ ಬೆಂಬಲ ಕೊಟ್ಟ ಜನರೇ ಅವರನ್ನು ನಂಬುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಶಾಸಕಿಯಾಗಿ ತಾವು ಕಂಡದ್ದನ್ನು ಅದೇ ವರ್ಷ ಪುಸ್ತಕವಾಗಿ ಬರೆದರು.

ಸ್ಥಾನ ಬಿಟ್ಟ ಮೇಲೆ ಕೆಲಸ ಮನೆಯ ಬಾಗಿಲಿಗೇ ಬಂತು. ದೇವದಾಸಿ ಮನೆತನದ ಹುಡುಗಿಯರು ಆಶ್ರಯ ಕೇಳಿಕೊಂಡು ಬಂದರು. ನಗರದ ಹಾಸ್ಟೆಲುಗಳು ಅವರನ್ನು ಸೇರಿಸಿಕೊಳ್ಳಲಿಲ್ಲ. ಸಭೆಯಲ್ಲಿ ನಿಷೇಧಕ್ಕೆ ಚಪ್ಪಾಳೆ ತಟ್ಟಿದ ಊರು ಆ ಹುಡುಗಿಯರಿಗೆ ಒಂದು ಚಾಪೆ ಹಾಸಲು ಒಪ್ಪಲಿಲ್ಲ. ಮುತ್ತುಲಕ್ಷ್ಮಿ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅಡ್ಯಾರಿನ ಅವ್ವೈ ಇಲ್ಲಂ ಹುಟ್ಟಿದ್ದು ಹಾಗೆ. ಮುಂದೆ ಅದಕ್ಕೆ ಶಾಲೆಗಳೂ ಸೇರಿದವು.

ಎರಡನೆಯದು ಕ್ಯಾನ್ಸರ್ ಆಸ್ಪತ್ರೆ. ಪ್ರೀತಿಯ ತಂಗಿ ಗುದನಾಳದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ರೋಗ ಪತ್ತೆಯಾಗುವ ಹೊತ್ತಿಗೆ ಕಾಲ ಮೀರಿತ್ತು. ಮೊದಲಿಗೆ ಅದನ್ನು ಆಮಶಂಕೆ ಎಂದುಕೊಂಡಿದ್ದರು. ಮದರಾಸು ವೈದ್ಯಕೀಯ ಕಾಲೇಜಿನ ಶತಮಾನೋತ್ಸವದ ವೇದಿಕೆಯಲ್ಲಿ, 1935ರಲ್ಲಿ, ಕ್ಯಾನ್ಸರಿಗೆಂದೇ ಒಂದು ಆಸ್ಪತ್ರೆ ಬೇಕು ಎಂದರು. ಹಣ ಕೂಡಿಸಲು, ಸರ್ಕಾರವನ್ನು ಒಪ್ಪಿಸಲು ಮುಂದಿನ ಎರಡು ದಶಕ ಹಿಡಿಯಿತು. 1952ರಲ್ಲಿ ನೆಹರೂ ಅಡಿಗಲ್ಲು ಇಟ್ಟರು. 1954ರಲ್ಲಿ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಹನ್ನೆರಡು ಹಾಸಿಗೆಗಳೊಂದಿಗೆ ಶುರುವಾಯಿತು. ನಡೆಸಿದವರು ಮಗ ಡಾ. ಕೃಷ್ಣಮೂರ್ತಿ, ಆಮೇಲೆ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಡಾ. ವಿ. ಶಾಂತಾ. ಬೆಂಗಳೂರಿಗೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಬಂದದ್ದು ಇನ್ನೂ ಎರಡು ದಶಕ ಕಳೆದ ಮೇಲೆ. 1956ರಲ್ಲಿ ಪದ್ಮಭೂಷಣ ಪಡೆದ ಮುತ್ತುಲಕ್ಷ್ಮಿ 1968ರ ಜುಲೈ 22ರಂದು ತೀರಿಕೊಂಡರು.

ಇಲ್ಲಿಯ ಬಾಕಿ

ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಬೆಳಗಾವಿ, ಧಾರವಾಡ, ಬಿಜಾಪುರ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ 1934ರಷ್ಟು ಹಿಂದೆಯೇ ಒಂದು ಕಾಯ್ದೆ ಇತ್ತು, ಬಳ್ಳಾರಿಗೆ ಮದರಾಸಿನದ್ದು ಇತ್ತು. ಅಷ್ಟಾದರೂ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವುದು ನಿಲ್ಲಲಿಲ್ಲ. ಹೊಸ ಕಾಯ್ದೆ ಬಂದ ಬಹಳ ವರ್ಷಗಳ ನಂತರ ಸರ್ಕಾರವೇ ಎರಡು ಹಂತದಲ್ಲಿ ಮಾಡಿಸಿದ ಸಮೀಕ್ಷೆಗಳಲ್ಲಿ 46 ಸಾವಿರಕ್ಕೂ ಹೆಚ್ಚು ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು.

ತಂಜಾವೂರಿನ ದೇವಸ್ಥಾನದ ನರ್ತಕಿಯೂ ನಮ್ಮ ಬೆಳಗಾವಿ, ಬಳ್ಳಾರಿ, ಕೊಪ್ಪಳದ ಹೆಣ್ಣುಮಗಳೂ ಒಂದಲ್ಲ. ಇಲ್ಲಿ ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಕೇರಿಯವರು. ಇವರಿಗೆ ಇನಾಂ ಇರಲಿಲ್ಲ, ಉಂಬಳಿ ಇರಲಿಲ್ಲ, ಆಸ್ಥಾನದ ಮರ್ಯಾದೆ ಇರಲಿಲ್ಲ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುಪ್ಪಿನ ತಾಯಿ ತಂದೆಗೆ ದುಡಿದು ಹಾಕಲು ಒಬ್ಬ ಮಗಳು ಬೇಕು, ಅಷ್ಟೆ. ಬಿಡಿಸಬೇಕಾದ ಗಂಟು ಇಲ್ಲಿಯೂ ಅನ್ನದ್ದೇ. ಬಿಟ್ಟುಕೊಡಲು ಹೊಲವೂ ಇಲ್ಲದ್ದರಿಂದ ಇನ್ನೂ ಬಿಗಿಯಾದದ್ದು. ನಮ್ಮ 1982ರ ಕಾಯ್ದೆ ಜೈಲು, ದಂಡಗಳನ್ನು ಮುಂದಿಟ್ಟಿತು. ಮಾಸಾಶನ, ಸಾಲ, ಮನೆ ಎಲ್ಲ ಆಮೇಲೆ ಬೇರೆ ಬೇರೆ ಯೋಜನೆಗಳಾಗಿ, ತುಣುಕು ತುಣುಕಾಗಿ ಬಂದವು. ಆ ಸಮೀಕ್ಷೆಗಳಲ್ಲಿ ಹೆಸರು ಬಿಟ್ಟುಹೋದವರು ಅವಕ್ಕೂ ಹೊರಗುಳಿದರು. ಮಾಜಿ ದೇವದಾಸಿಯರ ಸಂಘಟನೆಗಳು ಜಮೀನು ಕೊಡಿ ಎಂದು ಧರಣಿ ಕೂರುತ್ತಲೇ ಬಂದಿವೆ.

ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರು ಹೇಳಿದಾಗ ಎಲ್ಲರೂ ನೆನೆಯುವುದು 1947ರ ನಿಷೇಧವನ್ನು. ನನ್ನ ಕೇಳಿದರೆ ಅವರ ದೊಡ್ಡ ಕೆಲಸ 1929ರ ತಿದ್ದುಪಡಿ: ಶಿಕ್ಷೆಯ ಮಾತೆತ್ತದೆ ಜಮೀನನ್ನು ಹೆಂಗಸಿನ ಕೈಯಲ್ಲಿ ಬಿಟ್ಟ ಆ ಒಣ ಕಾನೂನು. ದೇವದಾಸಿ ಪುನರ್ವಸತಿಯ ಕಡತ ವಿಧಾನಸೌಧದಲ್ಲಿ ಮತ್ತೆ ಮೇಜಿಗೆ ಬಂದಾಗ, ಅದನ್ನು ಬಿಚ್ಚುವ ಶಾಸಕರು ಆ ತಿದ್ದುಪಡಿಯನ್ನು ತರಿಸಿ ಓದಲಿ. ಜೊತೆಗೆ ನಂಜನಗೂಡಿನ ಮಗಳು ಮುಂದೆ ನಿಂತು ಕೊಡಿಸಿದ ಆ ಮನವಿಪತ್ರವನ್ನೂ ಓದಲಿ. ಓದಿ, ಕೊಪ್ಪಳ, ಬಳ್ಳಾರಿಯ ಆ ಹೆಂಗಸರನ್ನು ಕರೆದು ಎದುರಿಗೆ ಕೂರಿಸಿಕೊಂಡು, ಎಷ್ಟು ಎಕರೆ ಬೇಕು ಎಂದು ಕೇಳಲಿ.